ವಿಮಾನದ ಜೊತೆ ಊರೂ ಕಾಣಲಿ

ಮೊರಬದ ಎರಿ ಹೊಲದಲ್ಲಿ ನಿಂತವರ ಆಕಾಶಕ್ಕೆ ಅಡ್ಡ ಬರುವುದು ಬಹಳ ಕಡಿಮೆ. ಎತ್ತರದ ಕಟ್ಟಡಗಳಿಲ್ಲ, ಮರ ಅಂದರೆ ಬದುವಿನ ಮೇಲೊಂದು ಬೇವು, ಹಳ್ಳದ ದಂಡೆಗೊಂದು ಜಾಲಿ. ಹಿಂಗಾರಿ ಬಿಳಿಜೋಳ ಎದೆಮಟ್ಟ ಬಂದಾಗಲೂ ಮೂಡಣದಿಂದ ಪಡುವಣದವರೆಗೆ ಬಾನು ಬಿಚ್ಚಿಕೊಂಡೇ ಇರುತ್ತದೆ. ಮಹಾನಗರದ ಹವ್ಯಾಸಿಗಳು ಇಂಥ ಬಯಲು ಹುಡುಕಿಕೊಂಡು ನಸುಕಿನಲ್ಲೇ ಬೈಕ್ ಹತ್ತುತ್ತಾರೆ. ವಿಮಾನದ ಫೋಟೊ ತೆಗೆಯುವ ಹುಚ್ಚು ಹಿಡಿದ ನವಲಗುಂದ ತಾಲ್ಲೂಕಿನ ಹುಡುಗ, ಹುಡುಗಿಯರಿಗೆ ಅದು ಮನೆ ಹಿಂದೆಯೇ ಇದೆ. ಕೈ ಪಳಗಿಸಿಕೊಳ್ಳುವುದು ಇಲ್ಲಿ, ಆಮೇಲೆ ಹುಬ್ಬಳ್ಳಿ, ಆಮೇಲೆ ಬೆಂಗಳೂರು. ನಾನು ಹೇಳುವ ಹಾದಿ ಇದು.

ಮೊದಲಿಗೆ ಒಂದು ತಕರಾರು. ಜಾಲತಾಣಗಳಲ್ಲಿ ಓಡಾಡುವ ವಿಮಾನದ ಚಿತ್ರಗಳಲ್ಲಿ ಹೆಚ್ಚಿನವು ನೀಲಿ ಬಾನಿಗೆ ಅಂಟಿಸಿದ ಬಿಳಿ ವಿಮಾನಗಳು. ಚೊಕ್ಕವಾಗಿರುತ್ತವೆ, ಆದರೆ ತೆಗೆದದ್ದು ಹುಬ್ಬಳ್ಳಿಯಲ್ಲೋ ದುಬೈಯಲ್ಲೋ ಗೊತ್ತಾಗುವುದಿಲ್ಲ. ಜಗತ್ತು ನೆನಪಿಟ್ಟುಕೊಂಡ ಚಿತ್ರಗಳು ಬೇರೆ ಜಾತಿಯವು. 1998ರಲ್ಲಿ ಮುಚ್ಚಿದ ಹಾಂಗ್‌ಕಾಂಗ್‌ನ ಕೈಟಾಕ್ ನಿಲ್ದಾಣದ ಚಿತ್ರಗಳಲ್ಲಿ ಮನೆಗಳ ಮಾಳಿಗೆ, ಒಣಹಾಕಿದ ಬಟ್ಟೆಗಳ ಮೇಲೆಯೇ ಜಂಬೊ ಜೆಟ್ ಹೊರಳಿಕೊಂಡು ಇಳಿಯುತ್ತದೆ. ಕೆರಿಬಿಯನ್ ದ್ವೀಪ ಸೇಂಟ್ ಮಾರ್ಟಿನ್‌ನ ಮಾಹೊ ಕಡಲದಂಡೆಯಲ್ಲಿ ಈಜುವವರ ನೆತ್ತಿಗೆ ತಾಗುವಂತೆ ವಿಮಾನ ಹಾಯುತ್ತದೆ. ವಿಮಾನ ಎಲ್ಲಾ ಕಡೆ ಅದೇ ಏರ್‌ಬಸ್, ಅದೇ ಬೋಯಿಂಗ್. ಬೇರೆಯಾಗುವುದು ಅದರ ಕೆಳಗಿನ ಊರು. ಕ್ಯಾಮೆರಾ ಎತ್ತುವ ಮೊದಲು ಈ ಚೌಕಟ್ಟಿನಲ್ಲಿ ಊರು ಎಲ್ಲಿದೆ ಎಂದು ನೋಡಿಕೊಳ್ಳುವ ರೂಢಿ ಬಂದರೆ ಮುಂದಿನದೆಲ್ಲ ಹಗುರ.

ಹೊಲದ ಪಾಠ

ಮುಂಬೈಯಿಂದ ಬೆಂಗಳೂರಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದು ಗದಗಿನ ಆಸುಪಾಸು ಹಾಯುತ್ತದೆ. ಮೊರಬದವರಿಗೆ ಅದು ಮೂಡಣ ದಿಕ್ಕು. ನೆಲದಿಂದ ಹತ್ತು ಕಿಲೋಮೀಟರಿಗೂ ಮೇಲೆ ಸಾಗುವ ಆ ವಿಮಾನಗಳು ಬರಿಗಣ್ಣಿಗೆ ಚುಕ್ಕಿ. ಹಿಂದೆ ಬಿಳಿ ಗೆರೆ ಎಳೆದಾಗ ಮಾತ್ರ ಅವಕ್ಕೆ ಚಿತ್ರದಲ್ಲಿ ತೂಕ ಬರುತ್ತದೆ. ಎಂಜಿನ್ನಿನಿಂದ ಹೊರಬಿದ್ದ ನೀರಾವಿ ಮೈನಸ್ 40 ಡಿಗ್ರಿಯ ಹತ್ತಿರದ ಚಳಿಗೆ ಸಿಕ್ಕು ಹಿಮದ ಹರಳಾದಾಗ ಮೂಡುವ ಗೆರೆ ಅದು. ಮೇಲಿನ ಗಾಳಿ ಒಣಗಿದ್ದರೆ ಹುಟ್ಟಿದಲ್ಲೇ ಕರಗುತ್ತದೆ, ತೇವವಿದ್ದರೆ ಉದ್ದಕ್ಕೆ ಉಳಿದು ಅಗಲವಾಗುತ್ತಾ ಹೋಗುತ್ತದೆ. ಸಂಜೆ ಹೊತ್ತು ಮುಳುಗಿದ ಮೇಲೂ ಕೆಲವು ನಿಮಿಷ ಆ ಎತ್ತರಕ್ಕೆ ಬಿಸಿಲು ತಾಗುತ್ತಿರುತ್ತದೆ. ಕೆಳಗೆ ಕಪ್ಪು ಹೊಲ, ಮೇಲೆ ಕೆಂಪು ಗೆರೆ. ಇದಕ್ಕೆ ದೊಡ್ಡ ಲೆನ್ಸ್ ಬೇಡ, ಕೈಯಲ್ಲಿರುವ ಮೊಬೈಲೇ ಸಾಕು. ಪರದೆಯ ಮೇಲೆ ಬೆಳಗಿದ ಬಾನನ್ನು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ, ಸ್ವಲ್ಪ ಕತ್ತಲಾಗಿಸಿ, ಕೆಳಗಿನ ಕಾಲುಭಾಗಕ್ಕೆ ಹೊಲ, ಬಂಡಿ, ಬೇವಿನ ಮರದ ನೆರಳುರೂಪ ಬರುವಂತೆ ನಿಲ್ಲಿ. ಮೊಬೈಲಿನ ಡಿಜಿಟಲ್ ಜೂಮ್ ಮಾತ್ರ ಮುಟ್ಟಬೇಡಿ, ಅದು ಚಿತ್ರವನ್ನು ಹಿಗ್ಗಿಸುತ್ತದೆಯೇ ಹೊರತು ವಿವರ ತರುವುದಿಲ್ಲ.

ಇನ್ನೂ ಆಸೆಯಿದ್ದವರು ಚಂದ್ರನಿಗೆ ಅಡ್ಡ ಬರುವ ವಿಮಾನಕ್ಕೆ ಕಾಯಬಹುದು. ಲೆಕ್ಕ ಕುತೂಹಲದ್ದು. ನೆತ್ತಿಯ ಮೇಲೆ ಹಾಯುವ ಏರ್‌ಬಸ್ ಎ320ರ ಉದ್ದ ನಮ್ಮ ಕಣ್ಣಿಗೆ ಡಿಗ್ರಿಯ ಐದನೇ ಒಂದು ಭಾಗ, ಚಂದ್ರನ ಅಗಲ ಅರ್ಧ ಡಿಗ್ರಿ. ವಿಮಾನ ಚಂದ್ರನನ್ನು ದಾಟಲು ತೆಗೆದುಕೊಳ್ಳುವುದು ಅರ್ಧ ಸೆಕೆಂಡಿಗೂ ಕಡಿಮೆ. ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ವಿಮಾನ ಬರುವ ದಿಕ್ಕು ನೋಡಿಕೊಂಡು, ಅದು ಚಂದ್ರನನ್ನು ಮುಟ್ಟುವ ಮುಂಚೆಯೇ ಸಾಲಾಗಿ ಕ್ಲಿಕ್ಕಿಸತೊಡಗಬೇಕು. ಸೂರ್ಯನ ಮುಂದೆ ಈ ಆಟ ಬೇಡ. ಸೌರ ಫಿಲ್ಟರ್ ಇಲ್ಲದೆ ಲೆನ್ಸ್‌ನಲ್ಲಿ ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ.

ಓಡುವ ವಸ್ತುವಿನ ಜೊತೆ ಕ್ಯಾಮೆರಾ ತಿರುಗಿಸುವುದನ್ನು, ಪ್ಯಾನಿಂಗ್ ಎನ್ನುವ ವಿದ್ಯೆಯನ್ನು, ಕಲಿಯಲು ವಿಮಾನವೇ ಬೇಕಿಲ್ಲ. ಊರ ಮುಂದಿನ ರಸ್ತೆಗೆ ಬರುವ ವಾಯವ್ಯ ಸಾರಿಗೆಯ ಬಸ್ಸು ಸಾಕು. ಶಟರ್ 1/60ಕ್ಕೆ ಇಡಿ, ಕಾಲು ಅಲುಗಿಸದೆ ಸೊಂಟದಿಂದ ಮೇಲಕ್ಕಷ್ಟೇ ತಿರುಗಿ, ಬಟನ್ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಜೋಳದ ಹೊಲದಲ್ಲಿ ಹಕ್ಕಿ ಹೊಡೆಯಲು ಕವಣೆ ಬೀಸುವವನ ಕೈ ಕಲ್ಲು ಬಿಟ್ಟ ಮೇಲೂ ಮುಂದೆ ಸಾಗುತ್ತದಲ್ಲ, ಹಾಗೆ. ಬಸ್ಸಿನ ಬೋರ್ಡು ಚೂಪಾಗಿ ಹಿಂದಿನ ಹೊಲ ಗೆರೆಗೆರೆಯಾದರೆ ನೀವು ರನ್‌ವೇಗೆ ತಯಾರು. ಹದ್ದು, ಬೆಳ್ಳಕ್ಕಿಗಳ ಮೇಲೆ ಫೋಕಸ್ಸಿನ ಅಭ್ಯಾಸವೂ ಆಗುತ್ತದೆ. ಕ್ಯಾಮೆರಾ 'ನಿರಂತರ ಫೋಕಸ್' ಸ್ಥಿತಿಯಲ್ಲಿರಲಿ.

ಲೆನ್ಸ್ ಬಗ್ಗೆ ಒಂದು ಮಾತು. ಲಕ್ಷ ರೂಪಾಯಿ ಸುರಿಯುವ ಮೊದಲು ಊರಲ್ಲಿ ಮದುವೆ ಫೋಟೊ ತೆಗೆಯುವವರನ್ನು ವಿಚಾರಿಸಿ. 70-200 ಮಿ.ಮೀ. ಲೆನ್ಸ್ ಅವರ ಚೀಲದಲ್ಲಿ ಇದ್ದೇ ಇರುತ್ತದೆ, ಆಷಾಢದಲ್ಲಿ ಮದುವೆಗಳಿಲ್ಲದೆ ಅದು ಸುಮ್ಮನೆ ಕೂತಿರುತ್ತದೆ. ಬಾಡಿಗೆ ಚೌಕಾಸಿಗೆ ಅದೇ ಕಾಲ. ಮೋಡದ ಬೆಳಕಿಗೂ ಅದೇ ಕಾಲ. ತೊಂದರೆ ಒಂದೇ, ಆ ತಿಂಗಳಲ್ಲಿ ಎರಿ ಮಣ್ಣಿಗೆ ಇಳಿದರೆ ಕಾಲು ಮತ್ತು ಟ್ರೈಪಾಡ್ ಎರಡೂ ಎತ್ತಲಾರದಷ್ಟು ಭಾರವಾಗುತ್ತವೆ. ಡಾಂಬರು ದಾಟಬೇಡಿ.

ಗೋಕುಲ ರಸ್ತೆಯ ನಿಲ್ದಾಣ

ಹುಬ್ಬಳ್ಳಿಯ ವಿಮಾನ ನಿಲ್ದಾಣ ಗದ್ದಲದ್ದಲ್ಲ, ಕಲಿಯುವವರಿಗೆ ಅದೇ ಅನುಕೂಲ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಬೆಂಗಳೂರು, ಹುಬ್ಬಳ್ಳಿ ನಡುವೆ ಸಣ್ಣ ವಿಮಾನ ಬಿಟ್ಟಿತು. 2017ರ ಡಿಸೆಂಬರಿನಲ್ಲಿ ಹೊಸ ಟರ್ಮಿನಲ್ ಮತ್ತು ಉದ್ದ ಮಾಡಿದ ರನ್‌ವೇ ಉದ್ಘಾಟನೆಯಾದವು. 2024ರ ಮಾರ್ಚ್‌ನಲ್ಲಿ ಇನ್ನೊಂದು ಟರ್ಮಿನಲ್ಲಿಗೆ ಅಡಿಗಲ್ಲು ಬಿತ್ತು. ವಿಮಾನ ವಿಮಾನಗಳ ನಡುವೆ ಬಿಡುವು ಇರುವುದರಿಂದ ಒಂದು ಬಂದು ಹೋದ ಮೇಲೆ ಚಿತ್ರ ನೋಡಿ, ಸೆಟ್ಟಿಂಗ್ ಬದಲಿಸಿ, ಚಹಾ ಕುಡಿದು ಇನ್ನೊಂದಕ್ಕೆ ಕಾಯಬಹುದು.

ಎಲ್ಲಿ ನಿಲ್ಲಬೇಕೆಂಬುದನ್ನು ಗಾಳಿ ಹೇಳುತ್ತದೆ. ವಿಮಾನ ಏರುವುದೂ ಇಳಿಯುವುದೂ ಎದುರುಗಾಳಿಗೆ ಮುಖ ಮಾಡಿ. ಹುಬ್ಬಳ್ಳಿಯ ರನ್‌ವೇ ಹೆಸರು 08/26. ದಿಕ್ಸೂಚಿಯ ಸುಮಾರು 80 ಮತ್ತು 260 ಡಿಗ್ರಿ ಎಂದು ಅದರ ಅರ್ಥ, ಅಂದರೆ ಬಹುತೇಕ ಪೂರ್ವ, ಪಶ್ಚಿಮ. ಮಳೆಗಾಲದ ಪಡುವಣ ಗಾಳಿಗೆ ವಿಮಾನಗಳು ಸಾಮಾನ್ಯವಾಗಿ ಪೂರ್ವದಿಂದ, ಊರಿನ ಮೇಲಿಂದ ಬಂದು ಇಳಿಯುತ್ತವೆ. ಚಳಿಗಾಲದ ಮೂಡಗಾಳಿಗೆ ತಿರುವು ಮುರುವು. ಗಾಳಿ ಮಂದವಿದ್ದ ದಿನ ಮಾತ್ರ ನಮ್ಮ ಊಹೆ ಉಪಯೋಗಕ್ಕೆ ಬಾರದು, ಆಗ ಗೋಪುರದಲ್ಲಿ ಕುಳಿತವರ ಅನುಕೂಲವೇ ದಿಕ್ಕು.

ಆಮೇಲೆ ಸೂರ್ಯ. ಪೂರ್ವ, ಪಶ್ಚಿಮಕ್ಕೆ ಮಲಗಿದ ರನ್‌ವೇಗೆ ಚಳಿಗಾಲದಲ್ಲಿ ದಕ್ಷಿಣದ ಮಗ್ಗಲು ಒಳ್ಳೆಯದು, ಬಿಸಿಲು ನಿಮ್ಮ ಬೆನ್ನಿಗೆ, ವಿಮಾನದ ಮೈಗೆ. ಪರದೇಶದ ಪುಸ್ತಕಗಳು ಇದನ್ನೇ ವರ್ಷಪೂರ್ತಿ ಸೂತ್ರವೆಂದು ಬರೆದುಬಿಡುತ್ತವೆ. ನಮ್ಮ ಸೀಮೆಗೆ ಅದು ಹೊಂದುವುದಿಲ್ಲ. ಧಾರವಾಡ ಜಿಲ್ಲೆಯಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಮುಂಜಾನೆ ಸಂಜೆಯಂತೂ ಇನ್ನೂ ಉತ್ತರಕ್ಕೆ. ಆ ತಿಂಗಳುಗಳಲ್ಲಿ ಉತ್ತರದ ಮಗ್ಗಲಿಗೆ ಹೋಗಬೇಕು.

ಬೇಸಿಗೆಯಲ್ಲಿ ಇನ್ನೊಂದು ಕಾಟ ಉಂಟು. ಮಾರ್ಚ್ ದಾಟಿದರೆ ಒಂಬತ್ತು ಗಂಟೆಗೇ ರನ್‌ವೇ ಕಾದು, ಮೇಲಿನ ಗಾಳಿ ಕುದಿಯುವ ಎಸರಿನಂತೆ ನಡುಗುತ್ತದೆ. ಉದ್ದ ಲೆನ್ಸ್‌ನಲ್ಲಿ ನೋಡಿದರೆ ವಿಮಾನದ ಚಕ್ರಗಳು ಕರಗಿ ಹರಿಯುತ್ತಿರುತ್ತವೆ. ಎಷ್ಟು ಬೆಲೆಯ ಲೆನ್ಸೂ ಇದನ್ನು ಸರಿಪಡಿಸಲಾರದು, ಕಂಪ್ಯೂಟರಿನಲ್ಲೂ ಸರಿಯಾಗದು. ಉಪಾಯ ಎರಡೇ, ನಸುಕಿನಲ್ಲಿ ಮುಗಿಸಿಕೊಳ್ಳುವುದು ಇಲ್ಲವೇ ವಿಮಾನದ ದಾರಿಗೆ ಹತ್ತಿರ ನಿಂತು ನಡುವಿನ ಗಾಳಿಯನ್ನು ಕಡಿಮೆ ಮಾಡುವುದು.

ಜೆಟ್ ವಿಮಾನಕ್ಕೆ ಶಟರ್ 1/1000, ಅಪರ್ಚರ್ ಎಫ್/8, ಐಎಸ್ಒ ಆಟೊ. ಇದು ಶುರುವಿಗೆ ಸಾಕು. ಆದರೆ ಹುಬ್ಬಳ್ಳಿಗೆ ಫಂಖ ತಿರುಗುವ ಎಟಿಆರ್ 72 ಕೂಡ ಬರುತ್ತದೆ, ಅಲ್ಲಿ ಈ ಲೆಕ್ಕ ಕೆಡುತ್ತದೆ. 1/1000ಕ್ಕೆ ಫಂಖ ನಿಂತೇಬಿಟ್ಟಂತೆ ಕಂಡು, ವಿಮಾನ ಎಂಜಿನ್ ಕೆಟ್ಟು ಬೀಳುತ್ತಿದೆಯೇನೋ ಎನ್ನಿಸುತ್ತದೆ. ಏರುವ ಹೊತ್ತಿನಲ್ಲಿ ಅದರ ಫಂಖ ನಿಮಿಷಕ್ಕೆ 1,200 ಸುತ್ತು, ಎಂದರೆ ಸೆಕೆಂಡಿಗೆ 20. ದಳಗಳು ಆರು, ಒಂದರಿಂದ ಇನ್ನೊಂದಕ್ಕೆ 60 ಡಿಗ್ರಿ. 1/125 ಸೆಕೆಂಡಿನಲ್ಲಿ ಒಂದು ದಳ ಸುಮಾರು 58 ಡಿಗ್ರಿ ತಿರುಗಿ ಪಕ್ಕದ ದಳದ ಜಾಗಕ್ಕೆ ಬಂದಿರುತ್ತದೆ, ಚಿತ್ರದಲ್ಲಿ ದುಂಡನೆಯ ತೆಳು ಚಕ್ರ ಮೂಡುತ್ತದೆ. ಬಸ್ಸಿನ ಮೇಲೆ ಮಾಡಿದ ಅಭ್ಯಾಸ ಈಗ ಕೈಹಿಡಿಯುತ್ತದೆ. ಮೊದಮೊದಲು 1/250ಕ್ಕೆ ಹಿಡಿದು, ಕೈ ನೆಟ್ಟಗಾದಂತೆ ಇಳಿಸುತ್ತಾ ಬನ್ನಿ.

ಬಿಳಿ ಮೈ ಕ್ಯಾಮೆರಾವನ್ನು ಯಾಮಾರಿಸುತ್ತದೆ. ಬೆಳ್ಳನೆ ಬಾನಿಗೆ ಬಿಳಿ ವಿಮಾನವಿದ್ದಾಗ ಕ್ಯಾಮೆರಾ ಹೆದರಿ ಚಿತ್ರವನ್ನು ಕತ್ತಲು ಮಾಡುತ್ತದೆ, ಬೆಳಕನ್ನು +0.7ರಷ್ಟು ಏರಿಸಿ. ಹಿಂದೆ ಕಾರ್ಮೋಡವಿದ್ದು ಮೈಮೇಲೆ ಸಂಜೆ ಬಿಸಿಲು ಬಿದ್ದಾಗ ಇದು ಉಲ್ಟಾ, ಅಷ್ಟೇ ಇಳಿಸಿ. ಶ್ರಾವಣದ ಸಂಜೆಗಳಲ್ಲಿ ಮಳೆ ಹಾದುಹೋಗಿ ಪಡುವಣದಲ್ಲಿ ಒಂದು ಸೀಳು ಬಿಸಿಲು ಬಂದಾಗ ಗೋಕುಲ ರಸ್ತೆಯ ಕಡೆ ಇರುವವರು ಪುಣ್ಯವಂತರು. ನಗರವೂ ವಿಮಾನವೂ ಒಟ್ಟಿಗೆ ಬೇಕೆನ್ನುವವರಿಗೆ ನೃಪತುಂಗ ಬೆಟ್ಟವಿದೆ. ಅಲ್ಲಿಂದ ಹುಬ್ಬಳ್ಳಿ ಇಡಿಯಾಗಿ ಕಾಣುತ್ತದೆ, ವಿಮಾನ ಚಿಕ್ಕದಾಗಿಯೇ ಬರಲಿ.

ಕೇಳಿದರೆ ಏನು ಹೇಳಬೇಕು?

ಕ್ಯಾಮೆರಾ ಹಿಡಿದು ಬೇಲಿ ಪಕ್ಕ ನಿಂತವರನ್ನು ಯಾರಾದರೂ ಬಂದು ಕೇಳುತ್ತಾರೆ. "ಇಲ್ಲೇನ್ ಮಾಡಾಕತ್ತೀರಿ?" ಎಂದರೆ ಮುಚ್ಚಿಡುವುದು ಬೇಡ. "ವಿಮಾನದ್ ಫೋಟೊ ತಗ್ಯಾಕತ್ತೀನ್ರಿ ಸರ್, ನೋಡ್ರಿ" ಎಂದು ಪರದೆ ತೋರಿಸಿ, ಗುರುತಿನ ಚೀಟಿ ಕೊಡಿ, ಹೋಗಿ ಎಂದರೆ ಹೋಗಿ. ವಾದ ಮಾಡಿದವರಿಗೆ ಆ ಜಾಗ ಮತ್ತೆ ಸಿಗುವುದಿಲ್ಲ, ಹಿಂದೆ ಬರುವವರಿಗೂ ಸಿಗುವುದಿಲ್ಲ.

ಕಾನೂನು ತಿಳಿದಿದ್ದರೆ ಮಾತು ನೇರವಾಗಿರುತ್ತದೆ. 1937ರ ವಿಮಾನ ನಿಯಮಗಳ 13ನೇ ನಿಯಮ ಅನುಮತಿಯಿಲ್ಲದೆ ಸರ್ಕಾರಿ ವಿಮಾನ ನಿಲ್ದಾಣದಲ್ಲಿ, ಹಾರುವ ವಿಮಾನದಿಂದ ಫೋಟೊ ತೆಗೆಯುವುದನ್ನು ನಿರ್ಬಂಧಿಸುತ್ತದೆ. ಪ್ರಯಾಣಿಕರಿಗೆ ಇದರಲ್ಲಿ ಸಡಿಲಿಕೆ ಇದೆ. ಹಾರಾಟದಲ್ಲಿ, ಏರುವಾಗ, ಇಳಿಯುವಾಗ ವಿಮಾನದೊಳಗಿನಿಂದ ಅವರು ಫೋಟೊ, ವಿಡಿಯೊ ತೆಗೆಯಬಹುದು, ಆದರೆ ಗದ್ದಲ ಎಬ್ಬಿಸಬಾರದು, ಸಿಬ್ಬಂದಿ ಬೇಡವೆಂದರೆ ನಿಲ್ಲಿಸಬೇಕು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 2020ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. ರಕ್ಷಣಾ ಪಡೆಗಳ ನೆಲೆಗಳಿಗೆ ಈ ಸಡಿಲಿಕೆ ಇಲ್ಲ. 2025ರ ಮೇ ತಿಂಗಳಲ್ಲಿ ಅಂಥ ನಿಲ್ದಾಣಗಳಲ್ಲಿ ಫೋಟೊ, ವಿಡಿಯೊ ನಿಷಿದ್ಧವೆಂದು ಡಿಜಿಸಿಎ ಮತ್ತೆ ಸೂಚಿಸಿದೆ. ಪುಣೆಯ ಲೋಹೆಗಾಂವ್ ವಾಯುಪಡೆಯದು, ಗೋವಾದ ದಾಬೋಲಿಂ ನೌಕಾಪಡೆಯದು. ಬೆಳಗಾವಿಯ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಅಲ್ಲೆಲ್ಲ ಮೊಬೈಲ್ ಕಿಸೆಯಲ್ಲಿರಲಿ. ಭದ್ರತಾ ತಪಾಸಣೆಯ ಜಾಗವನ್ನು ಯಾವ ನಿಲ್ದಾಣದಲ್ಲೂ ತೆಗೆಯಬೇಡಿ.

ಡ್ರೋನ್ ವಿಷಯ ಇನ್ನೂ ಬಿಗಿ. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಎಲ್ಲೆಯಿಂದ 12 ಕಿ.ಮೀ.ವರೆಗೆ ನಿರ್ಬಂಧಗಳಿವೆ, ಹತ್ತಿರದ ಭಾಗವಂತೂ ಕೆಂಪು ವಲಯ. ಹಾರಿಸುವ ಮೊದಲು ಡಿಜಿಟಲ್ ಸ್ಕೈ ನಕ್ಷೆ ನೋಡುವುದು ಕಡ್ಡಾಯ. ವಿಮಾನದ ಫೋಟೊಕ್ಕೆ ಡ್ರೋನ್ ಬೇಡವೇ ಬೇಡ ಎನ್ನುವುದು ನನ್ನ ಪಕ್ಷ. ತಿಂದುಳಿದ ಮಿರ್ಚಿ, ಚುರಮುರಿಯನ್ನೂ ಬೇಲಿ ಪಕ್ಕ ಚೆಲ್ಲಬೇಡಿ. ಆಹಾರಕ್ಕೆ ಹಕ್ಕಿ ಬರುತ್ತದೆ, ಹಕ್ಕಿ ಎಂಜಿನ್ನಿಗೆ ಹೋಗುತ್ತದೆ. 2023ರ ಏರೋ ಇಂಡಿಯಾ ವಿಮಾನ ಪ್ರದರ್ಶನದ ಹೊತ್ತಿನಲ್ಲಿ ಯಲಹಂಕದ ಸುತ್ತ 10 ಕಿ.ಮೀ. ಮಾಂಸದಂಗಡಿ ಮುಚ್ಚಿಸಿದ್ದು ಇದೇ ಕಾರಣಕ್ಕೆ. ರನ್‌ವೇ ತುದಿಯ ಬೇಲಿ ಹಿಡಿದು ನಿಲ್ಲುವ ಸಾಹಸವೂ ಬೇಡ. ಮಾಹೊದಲ್ಲಿ 2017ರಲ್ಲಿ ಜೆಟ್ ಎಂಜಿನ್ನಿನ ಗಾಳಿಯ ಹೊಡೆತಕ್ಕೆ ಒಬ್ಬ ಪ್ರವಾಸಿ ಪ್ರಾಣ ಕಳೆದುಕೊಂಡರು.

ದೇವನಹಳ್ಳಿಯ ಸಂತೆ

2008ರ ಮೇ 24ರಂದು ಶುರುವಾದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣ 2024-25ರಲ್ಲಿ ನಾಲ್ಕು ಕೋಟಿಗೂ ಹೆಚ್ಚು ಪ್ರಯಾಣಿಕರನ್ನು ಕಂಡಿತು. ಉದ್ದುದ್ದ ರನ್‌ವೇಗಳು ಎರಡು, ಎರಡೂ ಪೂರ್ವ, ಪಶ್ಚಿಮಕ್ಕೆ. ಎರಡನೆಯದು ಶುರುವಾದದ್ದು 2019ರ ಡಿಸೆಂಬರಿನಲ್ಲಿ. ಹುಬ್ಬಳ್ಳಿಯಲ್ಲಿ ಕಲಿತದ್ದು ಇಲ್ಲಿ ಹಾಗೇ ನಡೆಯುತ್ತದೆ, ವೇಗ ಮಾತ್ರ ಬೇರೆ. ಒಂದನ್ನು ನೋಡಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಹೊರಡುವ ಮುಂಚೆ ವಿಒಬಿಎಲ್ ಎಂಬ ಗುರುತಿನ ಮೆಟಾರ್ ಹವಾವರದಿ ನೋಡಿ. 27010ಕೆಟಿ ಎಂದಿದ್ದರೆ 270 ಡಿಗ್ರಿ, ಎಂದರೆ ಪಡುವಣದಿಂದ, 10 ನಾಟ್ ಗಾಳಿ. ಇಳಿಯುವ ವಿಮಾನಗಳು ಪೂರ್ವದ ಹಳ್ಳಿಗಳ ಮೇಲಿಂದ ಬರುತ್ತವೆ ಎಂದು ಬಸ್ಸು ಹತ್ತುವ ಮೊದಲೇ ತಿಳಿಯುತ್ತದೆ.

ಇಲ್ಲಿಗೆ ಬಂದವರೆಲ್ಲ ಎಮಿರೇಟ್ಸ್‌ನ ಎ380ಕ್ಕೆ ಕಾಯುತ್ತಾರೆ. 2022ರ ಅಕ್ಟೋಬರಿನಲ್ಲಿ ಬರಲಾರಂಭಿಸಿದ ಈ ಎರಡಂತಸ್ತಿನ ವಿಮಾನದ ರೆಕ್ಕೆಯ ಹರವು 80 ಮೀಟರಿನ ಹತ್ತಿರ. ದೊಡ್ಡದನ್ನು ದೊಡ್ಡದಾಗಿ ತೆಗೆದರೆ ದೊಡ್ಡದೆಂದು ಗೊತ್ತಾಗುವುದಿಲ್ಲ, ಇದೇ ತಮಾಷೆ. ಪಕ್ಕದಲ್ಲೊಂದು ಎ320 ನಿಂತಿರಲಿ, ಮುಂದೆ ದ್ರಾಕ್ಷಿ ತೋಟದ ಕಲ್ಲುಕಂಬಗಳೋ ಎಮ್ಮೆ ಹೊಡೆದುಕೊಂಡು ಹೋಗುವವರೋ ಇರಲಿ, ಆಗ ಗಾತ್ರ ಕಣ್ಣಿಗೆ ಹತ್ತುತ್ತದೆ. ಉತ್ತರಕ್ಕೆ 1,478 ಮೀಟರ್ ಎತ್ತರದ ನಂದಿಬೆಟ್ಟದ ಸಾಲಿದೆ. ಮಳೆ ತೊಳೆದ ಮರುದಿನ ದಕ್ಷಿಣದ ಕಡೆ ನಿಂತು ಉದ್ದ ಲೆನ್ಸ್ ಹಿಡಿದರೆ ಬೆಟ್ಟ ವಿಮಾನದ ಬೆನ್ನಿಗೇ ಬಂದು ಕೂತಂತೆ ಕಾಣುತ್ತದೆ. ಆ ಚಿತ್ರ ಬೆಂಗಳೂರಿನದು ಎಂದು ಹೆಸರು ಬರೆಯಬೇಕಾಗಿಲ್ಲ.

ಡಿಸೆಂಬರ್, ಜನವರಿಯ ನಸುಕಿಗೆ ದೇವನಹಳ್ಳಿಯಲ್ಲಿ ಮಂಜು ಇಳಿಯುತ್ತದೆ. ವಿಮಾನಗಳು ತಡವಾಗುತ್ತವೆ, ಪ್ರಯಾಣಿಕರು ಗೊಣಗುತ್ತಾರೆ, ಫೋಟೊದವರಿಗೆ ಹಬ್ಬ. ಇಳಿಯುವ ವಿಮಾನದ ದೀಪಗಳು ಮಂಜಿನಲ್ಲಿ ಕೋಲುಕೋಲಾಗಿ ಚಾಚುತ್ತವೆ. ರಾತ್ರಿಯಾದರೆ ಟ್ರೈಪಾಡ್ ಊರಿ, ಐಎಸ್ಒ 100, ಎಫ್/8, ಶಟರ್ 20 ರಿಂದ 30 ಸೆಕೆಂಡ್ ತೆರೆದಿಡಿ. ವಿಮಾನ ಮಾಯವಾಗಿ ಅದು ಬಂದ ದಾರಿ ಬೆಳಕಿನ ಗೆರೆಯಾಗಿ ಉಳಿಯುತ್ತದೆ.

ಕ್ಯಾಮೆರಾ ಇಲ್ಲದವರಿಗೆ ಟರ್ಮಿನಲ್ಲೇ ಸಾಕಷ್ಟು. 2022ರ ನವೆಂಬರ್ 11ರಂದು ಉದ್ಘಾಟನೆಯಾದ ಎರಡನೇ ಟರ್ಮಿನಲ್ ಬಿದಿರು, ತೂಗುಬಿಟ್ಟ ಗಿಡಗಳಿಂದ ತುಂಬಿದೆ. ಅದೇ ದಿನ ಅನಾವರಣವಾದ 108 ಅಡಿಯ ಕೆಂಪೇಗೌಡರ ಪ್ರತಿಮೆ ಹೊರಗಿದೆ. ರಾಮ್ ವಿ. ಸುತಾರ್ ಅವರ ಕೆಲಸ ಅದು. ಪ್ರತಿಮೆಯ ಹಿಂದೆ ವಿಮಾನ ಹಾಯುವ ಗಳಿಗೆ ಹಿಡಿಯಲು ತಾಳ್ಮೆ ಬೇಕು, ದುಡ್ಡು ಬೇಕಿಲ್ಲ.

ಯುದ್ಧವಿಮಾನ ಬೇಕೆನ್ನುವವರು ಯಲಹಂಕದ ಏರೋ ಇಂಡಿಯಾಕ್ಕೆ ಟಿಕೆಟ್ ತೆಗೆಸಬೇಕು. 1996ರಲ್ಲಿ ಶುರುವಾಗಿ ಎರಡು ವರ್ಷಕ್ಕೊಮ್ಮೆ ನಡೆಯುವ ಈ ಪ್ರದರ್ಶನದಲ್ಲಿ 2025ರ ಫೆಬ್ರುವರಿಯಲ್ಲಿ ಅಮೆರಿಕದ ಎಫ್-35, ರಷ್ಯದ ಸು-57 ಎರಡೂ ಬಂದಿದ್ದವು. ಸೂರ್ಯಕಿರಣ ತಂಡದ ಹಾಕ್ ವಿಮಾನಗಳಿಗೆ 1/1250 ಬೇಕಾದರೆ, ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್‌ಗೆ 1/125ರ ಆಸುಪಾಸಿಗೆ ಇಳಿಯಬೇಕು. ಒಂದು ಮುಗಿದು ಇನ್ನೊಂದು ಬರುವಾಗ ಶಟರ್ ಬದಲಿಸಲು ಮರೆಯುವವರೇ ಹೆಚ್ಚು. ಪ್ರದರ್ಶನ ಇಲ್ಲದ ವರ್ಷ ಎಚ್ಎಎಲ್ ವಸ್ತುಸಂಗ್ರಹಾಲಯದಲ್ಲಿ ನಿಂತ ಮರುತ್ ವಿಮಾನವನ್ನು ಸುತ್ತಿ ಸುತ್ತಿ ತೆಗೆಯಬಹುದು, ಅದು ಎಲ್ಲಿಗೂ ಓಡುವುದಿಲ್ಲ.

ಕಿಟಕಿ ಪಕ್ಕದ ಸೀಟು

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರುವುದೆಂದರೆ ಆಗ್ನೇಯಕ್ಕೆ. ಮುಂಜಾನೆ ಹೋಗುವಾಗ ಸೂರ್ಯ ಎಡಕ್ಕೆ, ಸಂಜೆ ಮರಳುವಾಗಲೂ ಎಡಕ್ಕೇ. ಆದ್ದರಿಂದ ಎರಡೂ ಸಲ ಬಲಗಡೆಯ ಕಿಟಕಿ ಕೇಳಿ, ಕೆಳಗಿನ ನೆಲಕ್ಕೆ ಬೆಳಕು ಸರಿಯಾಗಿ ಬಿದ್ದಿರುತ್ತದೆ. ನಂದಿಬೆಟ್ಟವೇ ಬೇಕೆಂದಾದರೆ ಗಾಳಿ ನೋಡಿ ತೀರ್ಮಾನಿಸಬೇಕು, ವಿಮಾನ ಪೂರ್ವಕ್ಕೆ ಮುಖ ಮಾಡಿ ಇಳಿಯುವ ದಿನ ಬೆಟ್ಟ ಎಡಕ್ಕೆ, ಪಶ್ಚಿಮಕ್ಕಾದರೆ ಬಲಕ್ಕೆ. ಎಟಿಆರ್ ಸಿಕ್ಕರೆ ಖುಷಿಪಡಿ. ಅದರ ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನ ನೋಟಕ್ಕೆ ತಡೆಯಿಲ್ಲ, ಅದು ಹಾರುವ ಎತ್ತರವೂ ಜೆಟ್ಟಿಗಿಂತ ಕಡಿಮೆ. ಏರಿದ ಹೊಸದರಲ್ಲೇ ಕೆರೆಗಳು, ಹೊಲಗಳ ಕಪ್ಪು ಹಸಿರು ತುಂಡುಗಳು, ಚೌಕಾಕಾರದ ಕೃಷಿಹೊಂಡಗಳು ಹೊಳೆಯುತ್ತವೆ. ನವೆಂಬರಿನಿಂದ ಜನವರಿವರೆಗೆ, ಕಡಲೆ, ಜೋಳ, ಕುಸುಬಿ ನಿಂತಿರುವಾಗ, ಈ ನೋಟಕ್ಕೆ ಸಾಟಿಯಿಲ್ಲ.

ಲೆನ್ಸನ್ನು ಕಿಟಕಿಗೆ ಹತ್ತಿರ ಹಿಡಿಯಿರಿ, ತಾಗಿಸಬೇಡಿ, ತಾಗಿದರೆ ವಿಮಾನದ ನಡುಕ ಚಿತ್ರಕ್ಕೆ ಬರುತ್ತದೆ. ಕಪ್ಪು ಬಟ್ಟೆ ಅಥವಾ ಅಂಗೈ ಮರೆ ಮಾಡಿದರೆ ಒಳಗಿನ ಬಿಂಬ ಅಳಿಯುತ್ತದೆ. ಪೋಲರೈಸರ್ ಫಿಲ್ಟರ್ ತೆಗೆದಿಡಿ, ಕಿಟಕಿಯ ಪ್ಲಾಸ್ಟಿಕ್ ಮೂಲಕ ಅದು ಕಾಮನಬಿಲ್ಲಿನ ಕಲೆಗಳನ್ನು ಮೂಡಿಸುತ್ತದೆ. ಮೊಬೈಲಿನಲ್ಲಿ ಎಟಿಆರ್ ಫಂಖ ತೆಗೆದಾಗ ದಳಗಳು ಬಾಗಿ ಬಿಲ್ಲಿನಂತೆ ಬಂದರೆ ಗಾಬರಿಯಾಗಬೇಡಿ. ಮೊಬೈಲ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ಒಂದು ಸಾಲಿನಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ದಳ ಮುಂದೆ ಹೋಗಿರುತ್ತದೆ. ಬೆಳಕು ಕಡಿಮೆಯಾದ ಸಂಜೆಗೆ ಫಂಖ ಮಸುಕಾಗಿ ಬಂದು ಈ ಬಾಗು ಅಷ್ಟಾಗಿ ಕಾಣುವುದಿಲ್ಲ.

ಮನೆಗೆ ಬಂದ ಮೇಲೆ ಚಿತ್ರಗಳನ್ನು ತಿದ್ದುವ ಮುಂಚೆ ಒಂದು ವಹಿಯಲ್ಲಿ ನಾಲ್ಕು ವಿವರ ಬರೆದಿಡಿ: ದಿನಾಂಕ ಮತ್ತು ಹೊತ್ತು, ನಿಂತ ಜಾಗ, ಗಾಳಿಯ ದಿಕ್ಕು, ವಿಮಾನದ ನೋಂದಣಿ ಸಂಖ್ಯೆ. ಭಾರತದಲ್ಲಿ ನೋಂದಾಯಿಸಿದ ನಾಗರಿಕ ವಿಮಾನಗಳ ಸಂಖ್ಯೆ 'ವಿಟಿ' ಎಂದು ಶುರುವಾಗುತ್ತದೆ, ಬಾಲದ ಕಡೆ ಬರೆದಿರುತ್ತಾರೆ. ಬಣ್ಣ ಬದಲಾದರೂ, ಕೆಲವೊಮ್ಮೆ ಕಂಪನಿಯೇ ಬದಲಾದರೂ ಆ ಸಂಖ್ಯೆ ಹಿಡಿದು ಅದೇ ವಿಮಾನವನ್ನು ಮತ್ತೆ ಪತ್ತೆಹಚ್ಚಬಹುದು. ವಹಿ ತುಂಬುತ್ತಾ ಬಂದಂತೆ, ಯಾವ ತಿಂಗಳಿನ ಯಾವ ಗಾಳಿಗೆ ಎಲ್ಲಿ ನಿಂತರೆ ಬೆಳಕು ಸಿಗುತ್ತದೆ ಎನ್ನುವ ನಿಮ್ಮದೇ ಪಂಚಾಂಗ ತಯಾರಾಗುತ್ತದೆ.